ಗಫೂರ್ ಮಾಸ್ತರರು ಕನ್ನಡದಲ್ಲಿ ಎಣಿಸಲು ಕಲಿತ ವರ್ಷ

ಹೋದ ಮಳೆಗಾಲ ಮಗಳ ಮನೆಗೆ ಹೊರಟಿದ್ದೆ. ಯಾದಗಿರಿ ಬಸ್ ನಿಲ್ದಾಣದಲ್ಲಿ ಜೋರು ಮಳೆ ಹಿಡಿಯಿತು. ಶಹಾಪುರದ ಬಸ್ಸಿಗೆ ಕಾಯುತ್ತಿದ್ದ ಕುರಿಗಾರನೊಬ್ಬ ತಲೆಯ ಮೇಲಿನ ತೊಯ್ದ ಕಂಬಳಿ ತೆಗೆದು, ಹಿಂಡಿ, ನಾನು ಕೂತ ಕಲ್ಲುಬೆಂಚಿನ ತುದಿಗೆ ಹರವಿದ. ಹಸಿ ಉಣ್ಣೆಯ ವಾಸನೆ ಮೂಗಿಗೆ ಬಂತು. ಪಕ್ಕದಲ್ಲಿದ್ದ ಹೆಂಗಸು ಸೆರಗು ಮೂಗಿಗೆ ಹಿಡಿದು ದೂರ ಸರಿದಳು. ನಾನು ಮಾತ್ರ ಅಲ್ಲೇ ಕೂತೆ. ಆ ವಾಸನೆಯಲ್ಲಿ ನಾನು ಒಂದು ವರ್ಷ ಉಂಡಿದ್ದೇನೆ, ಮಲಗಿದ್ದೇನೆ. ಸಗರದಲ್ಲಿ, ಮಾಳವ್ವನ ಮನೆಯಲ್ಲಿ.

ನನಗಾಗ ಇಪ್ಪತ್ತೆರಡು. ಬಿಜಾಪುರದ ಕಡೆಯವನು, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಮನೆಯಲ್ಲಿ ಕೂತಿದ್ದೆ. ನಿಜಾಮನ ರಾಜ್ಯ ಹಿಂದೂಸ್ತಾನದಲ್ಲಿ ಸೇರಿ ವರ್ಷ ದಾಟಿತ್ತು. ಅಲ್ಲಿನ ಶಾಲೆಗಳಲ್ಲಿ ಅಲ್ಲಿಯವರೆಗೆ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಇನ್ನು ಮುಂದೆ ಕನ್ನಡದಲ್ಲಿ ನಡೆಯಬೇಕು ಎಂಬ ಹುಕುಮು ಬಂದಾಗ ಕಲಿಸುವವರೇ ಸಾಲಲಿಲ್ಲ. ಹೀಗಾಗಿ ನಮ್ಮ ಕಡೆಯ ಕೆಲವು ಹುಡುಗರಿಗೆ ಅಲ್ಲಿ ನೌಕರಿ ಸಿಕ್ಕಿತು. ನಾನು ಟ್ರಂಕು ಹೊತ್ತುಕೊಂಡು ತಾಳಿಕೋಟಿ, ಹುಣಸಗಿ, ಸುರಪುರ ದಾಟಿ ಶಹಾಪುರಕ್ಕೆ ಬಂದು, ಅಲ್ಲಿಂದ ಬಂಡಿಯಲ್ಲಿ ಸಗರ ಸೇರಿದೆ.

ಊರು ದೊಡ್ಡದಿತ್ತು, ಆದರೆ ಸದ್ದು ಇರಲಿಲ್ಲ. ಅಗಸಿ ಬಾಗಿಲ ಒಳಗೆ ನಾಲ್ಕಾರು ಮನೆಗಳಿಗೆ ಸೂರು ಇರಲಿಲ್ಲ, ಗೋಡೆ ಮಾತ್ರ ನಿಂತು ಕಪ್ಪಾಗಿದ್ದವು. ಒಂದು ಮನೆಯ ಬಾಗಿಲಿದ್ದ ಜಾಗದಲ್ಲಿ ಎಕ್ಕೆಯ ಗಿಡ ಬೆಳೆದಿತ್ತು. ಇದು ಯಾರ ಮನೆ ಎಂದು ಬಂಡಿಯವನನ್ನು ಕೇಳಿದೆ. ಅವನು ಎತ್ತಿನ ಬಾಲ ತಿರುವಿದ. ಆಮೇಲೆ ತಿಳಿಯಿತು. ಮೊದಲು ನಿಜಾಮನ ಕಡೆಯ ರಜಾಕಾರರು ಬಂದು ಸುಟ್ಟ ಮನೆಗಳು ಕೆಲವು, ಹಿಂದೂಸ್ತಾನ ಸರ್ಕಾರದ ದಂಡು ಬಂದ ಮೇಲೆ ಸೇಡಿಗೆ ಸುಟ್ಟವು ಕೆಲವು. ಯಾವುದು ಯಾವಾಗ ಸುಟ್ಟದ್ದೆಂದು ಊರವರಿಗೆಲ್ಲ ಗೊತ್ತಿತ್ತು. ಹೊರಗಿನವರಿಗೆ ಯಾರೂ ಹೇಳುತ್ತಿರಲಿಲ್ಲ.

ಇಳಿದುಕೊಳ್ಳಲು ಜಾಗ ಕೊಟ್ಟವಳು ಮಾಳವ್ವ. ಐವತ್ತರ ಹೆಂಗಸು, ಕುರಿ ಸಾಕುವ ಮನೆತನ. ಗಂಡ ಇರಲಿಲ್ಲ. ರಜಾಕಾರರ ಗುಂಪು ಬಂದು ಕುರಿ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತಿದ್ದನಂತೆ. ಹೊಡೆತ ತಿಂದು ಹಾಸಿಗೆ ಹಿಡಿದವನು ಏಳಲೇ ಇಲ್ಲ. ಮಗ ಸಾಬಣ್ಣ ನನಗಿಂತ ಒಂದೆರಡು ವರ್ಷ ಸಣ್ಣವನು, ಹಗಲೆಲ್ಲ ಗುಡ್ಡದ ಕಡೆ ಕುರಿ ಮೇಯಿಸುತ್ತಿದ್ದ. ಸಂಜೆ ಹಟ್ಟಿಯ ಬಾಯಲ್ಲಿ ನಿಂತು ಮಾಳವ್ವ ಕುರಿ ಎಣಿಸುವಳು. ಇಪ್ಪತ್ತಾದ ಕೂಡಲೇ ಮತ್ತೆ ಒಂದರಿಂದ ಶುರು. ಕೊನೆಗೆ "ನಾಕಿಪ್ಪತ್ತರ ಮ್ಯಾಲ ಏಳು" ಎಂದು ಮಗನಿಗೆ ಕೂಗುವಳು. ಆ ಕಡೆಯ ಕುರಿಗಾರರೆಲ್ಲ ಹೀಗೆ ಇಪ್ಪತ್ತರ ಲೆಕ್ಕದಲ್ಲೇ ಎಣಿಸುತ್ತಿದ್ದರು.

ಶಾಲೆಯಲ್ಲಿ ಕಲಿಸುವವರು ನಾವಿಬ್ಬರೇ. ಇನ್ನೊಬ್ಬರು ಗಫೂರ್ ಮಾಸ್ತರರು. ಔರಂಗಾಬಾದ್ ಕಡೆಯವರು, ವರ್ಗವಾಗಿ ಸಗರಕ್ಕೆ ಬಂದು ಐದಾರು ವರ್ಷವಾಗಿತ್ತು. ತೆಳ್ಳಗೆ, ಎತ್ತರವಾಗಿದ್ದರು. ಶೇರವಾನಿಯ ಕೊರಳ ಗುಂಡಿ ಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ. ಗಣಿತ ಕಲಿಸುತ್ತಿದ್ದರು, ತಪ್ಪಿದವರಿಗೆ ಬೆತ್ತದ ರುಚಿಯನ್ನೂ ತೋರಿಸುತ್ತಿದ್ದರು. ಊರವರೊಂದಿಗೆ ಹರಕುಮುರುಕು ಕನ್ನಡ ಆಡುತ್ತಿದ್ದರು. ನಾನು ಹೋಗಿ ತಿಂಗಳಾಗುವಷ್ಟರಲ್ಲಿ ಹಳೆಯ ಮಾಸ್ತರರಿಗೆಲ್ಲ ಆದೇಶ ಬಂತು. ವರ್ಷದ ಕೊನೆಗೆ ಶಹಾಪುರದಲ್ಲಿ ಕನ್ನಡದ ಪರೀಕ್ಷೆ. ಓದು, ಬರಹ, ಲೆಕ್ಕ, ಮಾತು. ಪಾಸಾಗದವರು ಕೆಲಸ ಬಿಡಬೇಕು.

ಅಂದು ಶಾಲೆ ಬಿಟ್ಟ ಮೇಲೆ ಅವರು ನನ್ನನ್ನು ಬೇವಿನ ಮರದ ಕೆಳಗೆ ಕರೆದರು. ತಮ್ಮ ಅರ್ಧ ವಯಸ್ಸಿನವನ ಮುಂದೆ ನಿಂತು, ಕಲಿಸಿಕೊಡುತ್ತೀರಾ ಎಂದು ಕೇಳಿದರು. ನನಗೆ ಮುಜುಗರವಾಯಿತು. ಔರಂಗಾಬಾದಿನಲ್ಲಿ ಹೆಂಡತಿಯ ಅಣ್ಣ ಅಂಗಡಿ ಇಟ್ಟಿದ್ದಾರೆ, ಬಂದುಬಿಡಿ ಎಂದು ಕರೆಯುತ್ತಿದ್ದಾರೆ ಎಂದು ಅವರೇ ಹಿಂದೆ ಹೇಳಿದ್ದು ನೆನಪಾಯಿತು. ಹೋಗಬಾರದೇಕೆ ಎಂದು ಕೇಳಿದೆ.

"ಬೀಬಿ ಬರಾಂಗಿಲ್ಲ ಅಂತಾಳ" ಎಂದರು. "ಅನ್ವರ ಬಂದ್ರ ಈ ಮನಿಗೇ ಬರ್ತಾನ. ಅವಗ ಬ್ಯಾರೆ ಮನಿ ಗೊತ್ತಿಲ್ಲ."

ಅನ್ವರ ಅವರ ಮಗ. ಹದಿನೇಳು ವರ್ಷದವನು. ದಂಡು ಬಂದ ಗದ್ದಲದ ದಿನಗಳಲ್ಲಿ ಅಮ್ಮನಿಗೆ ಔಷಧ ತರಲು ಶಹಾಪುರಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಹೈದರಾಬಾದಿಗೆ ಹೋಗಿದ್ದಾನೆ ಎಂದು ಒಬ್ಬರು, ಸೊಲ್ಲಾಪುರದ ಗಿರಣಿಯಲ್ಲಿ ನೋಡಿದೆ ಎಂದು ಮತ್ತೊಬ್ಬರು ಹೇಳುತ್ತಿದ್ದರು. ಮನೆಯಲ್ಲಿ ಹೆಂಡತಿ ಜುಲೇಖಾ ಬೀ, ಹನ್ನೊಂದು ವರ್ಷದ ಮಗಳು ಸಕೀನಾ. ಕೆಲಸ ಹೋದರೆ ಮನೆ ಹೋಗುತ್ತದೆ, ಮನೆ ಹೋದರೆ ಊರು ಬಿಡಬೇಕು. ಊರು ಬಿಟ್ಟರೆ ಮಗ ಎಲ್ಲಿಗೆ ಬರಬೇಕು? ಅವರು ಕನ್ನಡ ಕಲಿಯಲು ಕೂತದ್ದು ಇದಕ್ಕಾಗಿ.

ಸಂಜೆಯ ಪಾಠ ಮಾಳವ್ವನ ಹಟ್ಟಿಯ ಅಂಗಳದಲ್ಲಿ ನಡೆಯುತ್ತಿತ್ತು. ಅಕ್ಷರ ಅವರಿಗೆ ದಸರೆಗೆ ಮೊದಲೇ ಬಂದುಬಿಟ್ಟವು. ಎಣಿಕೆ ಮಾತ್ರ ಬರಲಿಲ್ಲ. ಬರಲಿಲ್ಲ ಎಂದರೆ, ಬಾಯಿಪಾಠ ಬಂತು, ಒಳಗೆ ಇಳಿಯಲಿಲ್ಲ. ತರಗತಿಯಲ್ಲಿ ಏಳೆಂಟ್ಲೆ ಎಂದು ಕನ್ನಡದಲ್ಲೇ ಶುರು ಮಾಡುವರು, ಉತ್ತರ ಬರುವಾಗ ಬಾಯಿಂದ "ಛಪ್ಪನ್" ಬೀಳುವುದು. ಮಕ್ಕಳು ಐವತ್ತಾರು ಎಂದು ಕೂಗುವರು. ಮನುಷ್ಯ ಯಾವ ಭಾಷೆ ಕಲಿತರೂ ಲೆಕ್ಕ ಮಾತ್ರ ತಾಯಿಯ ಹತ್ತಿರ ಕಲಿತ ಭಾಷೆಯಲ್ಲೇ ಮಾಡುತ್ತಾನೆ ಎಂಬುದನ್ನು ನಾನು ಅವರನ್ನು ನೋಡಿ ತಿಳಿದೆ.

ಆದರೂ ಕನ್ನಡದ ಎಣಿಕೆ ಅವರಿಗೆ ಹಿಡಿಸಿತ್ತು. ಉರ್ದುವಿನಲ್ಲಿ ನೂರರವರೆಗೆ ಒಂದೊಂದು ಸಂಖ್ಯೆಗೂ ಒಂದೊಂದು ಹೆಸರು, ಎಲ್ಲವನ್ನೂ ಉರು ಹೊಡೆಯಬೇಕು. ಇಲ್ಲಿ ಹತ್ತು ಬಂದರೆ ನೂರು ಬಂದ ಹಾಗೆ ಎನ್ನುವರು. ಒಂಬತ್ತು, ತೊಂಬತ್ತು, ಒಂಬೈನೂರು ಮಾತ್ರ ಅವರನ್ನು ಕಾಡಿದವು. ಒಂದೂವರೆ, ಎರಡೂವರೆ ಎಂದು ನಾನು ಕಲಿಸಿದರೆ ನಗುತ್ತಿದ್ದರು. ಊರ ಕನ್ನಡದವರೇ ದೀಡ, ಅಡೀಚ ಅನ್ನುತ್ತಾರೆ, ನಾನು ಒಬ್ಬನೇ ಒಂದೂವರೆ ಎಂದರೆ ಕಿರಾಣಿ ಅಂಗಡಿಯವನು ಬೆಲ್ಲ ಕೊಡುತ್ತಾನೆಯೇ ಎಂದು ಕೇಳುವರು. ಮಾಳವ್ವನ ಇಪ್ಪತ್ತರ ಲೆಕ್ಕವನ್ನೂ ಕಲಿತರು. ಅವಳು ಹಟ್ಟಿಯ ಬಾಯಲ್ಲಿ ಎಣಿಸುವಾಗ ತಾವೂ ತುಟಿಯಲ್ಲೇ ಎಣಿಸಿ, "ಅವ್ವ, ನಾಕಿಪ್ಪತ್ತರ ಮ್ಯಾಲ ಆರು ಅದಾವ" ಎನ್ನುವರು. ಅವಳು, ಏಳು ಎನ್ನುವಳು. ಮತ್ತೆ ಎಣಿಸುವರು.

ಮಾಳವ್ವ ದಿನವೂ ಅವರ ಕೈಯಲ್ಲಿ ಒಂದು ತಂಬಿಗೆ ಹಾಲು ಕೊಟ್ಟು ಕಳಿಸುತ್ತಿದ್ದಳು. ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಗಂಡನನ್ನು ಹಾಗೆ ಕಳೆದುಕೊಂಡವಳು ಇವರ ಮನೆಗೆ ಹಾಲು ಕೊಡುವುದನ್ನು ನೋಡಿ ಊರಲ್ಲಿ ಕೆಲವರು ಆಡಿಕೊಂಡರು. ದೊಡ್ಡ ಮನಸ್ಸಿನವಳು ಎಂದು ನಾನು ಅಂದುಕೊಂಡೆ. ಸಾಬಣ್ಣ ಮಾತ್ರ ಮಾಸ್ತರರು ಬಂದರೆ ಎದ್ದು ಹಟ್ಟಿಯ ಹಿಂದೆ ಹೋಗಿಬಿಡುತ್ತಿದ್ದ.

ಜೋಳ ತೆನೆಗೆ ಬಂದ ಹೊತ್ತಿಗೆ ಮಾಸ್ತರರಿಗೆ ಒಂದೇ ತೊಡಕು ಉಳಿದಿತ್ತು. ಮನುಷ್ಯರನ್ನು ಎಣಿಸುವುದು. ಕುರಿಗೆ ಒಂದು, ಎರಡು, ಮೂರು. ಮನುಷ್ಯರಿಗೆ ಒಬ್ಬ, ಇಬ್ಬರು, ಮೂವರು. ಉರ್ದುವಿನಲ್ಲಿ ಎರಡಕ್ಕೂ ಒಂದೇ. "ಶಾಲೆಗೆ ಎರಡು ಸಾಹೇಬರು ಬರುತ್ತಾರೆ" ಎಂದು ತರಗತಿಯಲ್ಲಿ ಅಂದಾಗ ಮಕ್ಕಳು ಬಿದ್ದು ಬಿದ್ದು ನಕ್ಕವು, ಅವರು ಬೆತ್ತ ಎತ್ತಿದರು.

ಅಂದು ಸಂಜೆ ಅದೇ ಪಾಠ. ಚಳಿ ಇತ್ತು. ಮಾಳವ್ವ ಒಂದು ಕುರಿಯನ್ನು ತೊಡೆಗೆ ಒತ್ತಿಕೊಂಡು ಗೊರಸಿನ ಮುಳ್ಳು ತೆಗೆಯುತ್ತಿದ್ದಳು. ಸಾಬಣ್ಣ ಮೇವು ಹಾಕುತ್ತಿದ್ದ. ಮಾಸ್ತರರು ಬೇಸತ್ತು, ಮನುಷ್ಯರಿಗೆ ಎರಡು, ಮೂರು ಎಂದು ಯಾವಾಗಲೂ ಅನ್ನುವುದೇ ಇಲ್ಲವೇ ಎಂದು ನನ್ನನ್ನು ಕೇಳಿದರು. ನಾನು ಯೋಚಿಸುವಷ್ಟರಲ್ಲಿ ಮಾಳವ್ವ ಉತ್ತರ ಕೊಟ್ಟಳು.

"ತೊಟ್ಟಲದಾಗಿನ ಕೂಸಿಗೆ ಅಂತೀವ್ರಿ. ಹೆಣಕ್ಕ ಅಂತೀವಿ."

ಹೇಗೆ ಅನ್ನುತ್ತೀರಿ, ಹೇಳಿ ಎಂದರು ಮಾಸ್ತರರು. ಅವರಿಗೆ ಪ್ರತಿ ನಿಯಮಕ್ಕೂ ಒಂದು ವಾಕ್ಯ ಬೇಕಿತ್ತು.

ಅವಳು ಮುಳ್ಳಿನ ಮೇಲಿನ ಕಣ್ಣು ತೆಗೆಯದೆ, "ಹಳ್ಳದಾಗ ಮೂರು ಹೆಣ ಇದ್ವು, ಅಂತೀವಿ" ಎಂದಳು.

ಮಾಸ್ತರರು ಪಾಠ ಒಪ್ಪಿಸುವವರ ಹಾಗೆ ಒಂದೊಂದೇ ಶಬ್ದ ಬಿಡಿಸಿ ತಿರುಗಿ ಹೇಳಿದರು. "ಹಳ್ಳದಾಗ. ಮೂರು. ಹೆಣ ಇದ್ವು."

ಸಾಬಣ್ಣನ ಕೈಯಿಂದ ಮೇವಿನ ಹೊರೆ ಕೆಳಗೆ ಬಿತ್ತು. ಮಾಳವ್ವನ ಕೈ ನಿಂತಿತು. ಕುರಿ ಬಿಡಿಸಿಕೊಂಡು ಕುಂಟುತ್ತ ಓಡಿತು. ಅವಳು ಅದನ್ನು ಹಿಡಿಯಲಿಲ್ಲ, ಬಗ್ಗಿಸಿದ ತಲೆ ಎತ್ತಲಿಲ್ಲ. ಮಾಸ್ತರರು ಅವಳನ್ನೊಮ್ಮೆ, ಸಾಬಣ್ಣನನ್ನೊಮ್ಮೆ ನೋಡಿದರು.

"ಯಾವ ಹಳ್ಳ, ಅವ್ವ?" ಎಂದರು.

ಅವಳು ಹೇಳಿದಳು. ಶಹಾಪುರದ ದಾರಿಯಲ್ಲಿ ಗುಡ್ಡದ ಬುಡಕ್ಕೆ ಇರುವ ಹಳ್ಳ. ಗದ್ದಲದ ಮೂರನೆಯ ದಿನವೋ ನಾಲ್ಕನೆಯ ದಿನವೋ ಸಾಬಣ್ಣ ಕುರಿಗೆ ನೀರು ಕುಡಿಸಲು ಹೋಗಿದ್ದ. ಲೆಕ್ಕಿ ಗಿಡಗಳ ಮರೆಯಲ್ಲಿ ಮೂರು ಹೆಣ. ಇಬ್ಬರು ಯಾರೋ ದಾರಿಹೋಕರು. ಮೂರನೆಯವನು ಅನ್ವರ. ಓಡಿ ಬಂದು ತಾಯಿಗೆ ಹೇಳಿದ. ತಾಯಿ ಮಗ ಸೇರಿ ನಸುಕಿನಲ್ಲಿ ಹಳ್ಳದ ದಂಡೆಗೆ ಗುಂಡಿ ತೋಡಿದರು. ಕಡಿದವರು ಊರಲ್ಲೇ ತಿರುಗುತ್ತಿದ್ದರು. ಬಾಯಿ ಬಿಟ್ಟರೆ ಸಾಬಣ್ಣನಿಗೂ ಅದೇ ಗತಿ ಎಂದು ಹೆದರಿ ಸುಮ್ಮನಾದಳು. ಆಮೇಲೆ ದಿನವೂ ಜುಲೇಖಾ ಬೀ ಮಗ ಬರುತ್ತಾನೆ ಎನ್ನುವುದನ್ನು ಕೇಳಿ ಕೇಳಿ ಹೇಳುವುದು ಇನ್ನೂ ಆಗದಾಯಿತು.

ಮಾಸ್ತರರು ಅಳಲಿಲ್ಲ. ತಲೆ ಯಾವ ದಿಕ್ಕಿಗೆ ಇಟ್ಟಿರಿ ಎಂದು ಕೇಳಿದರು. ತಿಳಿಯದೆ ನಮ್ಮ ರೀತಿಯಲ್ಲೇ ಇಟ್ಟೆವು ಎಂದಳು. ಮೇಲೆ ಸಾಬಣ್ಣನ ಕಂಬಳಿ ಹೊದಿಸಿದೆವು ಎಂದಳು. ಬೇರೆ ಬೇರೆ ತೋಡಲು ಬೆಳಕು ಹರಿಯುವ ಹೆದರಿಕೆ ಇತ್ತು.

"ಮೂರೂ ಒಂದ ಗುಂಡ್ಯಾಗ ಅದಾವ್ರಿ" ಎಂದಳು.

"ಮೂರು ಅಲ್ಲ, ಅವ್ವ" ಎಂದರು ಅವರು. "ಮೂವರು."

ಸಾಬಣ್ಣ ಹತ್ತಿರ ಬಂದು ಅವರ ಕಾಲ ಬಳಿ ಕೂತ. ಅವನು ಅಳುತ್ತಿದ್ದ. ಕಡಿದವರು ಹಳ್ಳದಿಂದ ಹೋಗುವುದನ್ನು ಗುಡ್ಡದ ಮೇಲಿಂದ ನೋಡಿದ್ದೇನೆ, ಹೆಸರು ಹೇಳುತ್ತೇನೆ ಎಂದ. ಮಾಸ್ತರರು ಅವನ ಬಾಯಿಯ ಮೇಲೆ ಕೈ ಇಟ್ಟರು.

"ಹೇಳಬ್ಯಾಡ. ನಾಳಿ ಮುಂಜಾನಿ ಅವರ ಮಕ್ಕಳು ನನ್ನ ಮುಂದ ಕುಂದರ್ತಾವ. ನಾ ಅವಕ್ಕ ಮಗ್ಗಿ ಹೇಳಬೇಕು."

ಆ ದಿನವೇ ಮನೆಯಲ್ಲಿ ಹೇಳಿದರು. ಅಲ್ಲಿ ಏನಾಯಿತು ನನಗೆ ಗೊತ್ತಿಲ್ಲ. ಮರುದಿನ ಮುಂಜಾನೆ ಜುಲೇಖಾ ಬೀ ಬುರ್ಖಾ ಹಾಕಿಕೊಂಡು ಮಗಳ ಕೈ ಹಿಡಿದು ಮಾಳವ್ವನ ಅಂಗಳಕ್ಕೆ ಬಂದಳು. ಆಕೆ ಹಗಲಿನಲ್ಲಿ ಬೀದಿಗೆ ಇಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೈಯಲು ಬಂದಳೇನೋ ಎಂದು ನಾನು ಎದ್ದು ನಿಂತೆ. ಮಾಳವ್ವ ಬೈಗುಳ ತಿನ್ನಲು ಸಿದ್ಧಳಾದವಳ ಹಾಗೆ ಕೈಕಟ್ಟಿ ನಿಂತಿದ್ದಳು.

"ಮಾರಿ ನೆಟ್ಟಗಿತ್ತೇನು, ಅವ್ವ?" ಎಂದು ಮಗನ ಮುಖದ ಬಗ್ಗೆ ಕೇಳಿದಳು ಜುಲೇಖಾ ಬೀ.

"ನೆಟ್ಟಗಿತ್ರಿ, ಬೀಬಿ. ಮಲಗಿದಂಗ ಇತ್ತು" ಎಂದಳು ಮಾಳವ್ವ.

ಆಕೆ ಅಷ್ಟೇ ಕೇಳಿ ಹೋದಳು. ಆಕೆ ಓಣಿ ತಿರುಗುವವರೆಗೆ ಮಾಳವ್ವ ನಿಂತೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, ಮುಖ ಇರಲಿಲ್ಲ ತಮ್ಮಾ, ಅಂಗಿಯ ಮೇಲಿಂದ ಗುರುತು ಹಿಡಿದೆವು ಎಂದು ಮೆಲ್ಲಗೆ ಹೇಳಿ ಹಟ್ಟಿಯ ಒಳಗೆ ಹೋದಳು.

ಆ ಶುಕ್ರವಾರ ಮಾಸ್ತರರು ಶಹಾಪುರದಿಂದ ಒಬ್ಬ ಹಿರಿಯರನ್ನು ಕರೆತಂದು ಹಳ್ಳದ ದಂಡೆಯಲ್ಲಿ ಪ್ರಾರ್ಥನೆ ಮಾಡಿಸಿದರು. ಗುಂಡಿ ತೆರೆಯಬೇಡಿ, ಇರುವಲ್ಲೇ ಇರಲಿ ಎಂದು ಆ ಹಿರಿಯರು ಹೇಳಿದರು. ಸಾಬಣ್ಣ, ನಾನು ದೂರ ನಿಂತಿದ್ದೆವು.

ಸುದ್ದಿ ಊರಿಗೆ ಹಬ್ಬಲು ತಡವಾಗಲಿಲ್ಲ. ನೀರಿನ ಬಾವಿಯ ಬಳಿ ಹೆಂಗಸರು ಮಾಳವ್ವನ ಜೊತೆ ಮಾತು ಬಿಟ್ಟರು. ಒಂದು ಮುಂಜಾನೆ ಹಟ್ಟಿಯ ಕಾವಲು ನಾಯಿ ಬಾಗಿಲಲ್ಲೇ ಸತ್ತು ಬಿದ್ದಿತ್ತು, ಬಾಯಲ್ಲಿ ನೊರೆ. ಮಾಳವ್ವ ಅದನ್ನು ಎಳೆದುಕೊಂಡು ಹೋಗಿ ತಿಪ್ಪೆಯ ಆಚೆ ಹೂತು ಬಂದಳು. ಯಾರ ಹತ್ತಿರವೂ ಹೇಳಲಿಲ್ಲ. ಅಂದಿನಿಂದ ಸಾಬಣ್ಣ ಒಬ್ಬನೇ ಗುಡ್ಡಕ್ಕೆ ಹೋಗಲು ಅಂಜಿದ.

ನಾನು ಮಾಸ್ತರರಿಗೆ ನಾಯಿಯ ವಿಷಯ ತಿಳಿಸಿದೆ. ಅವರು ಶೇರವಾನಿಯ ಧೂಳು ಕೊಡವಿ, ನಡೆಯಿರಿ ಎಂದರು. ಚಾವಡಿಯಲ್ಲಿ ಊರ ಹಿರಿಯರು, ಹತ್ತಾರು ಗಂಡಸರು ಕೂತಿದ್ದರು. ಮಾಸ್ತರರು ಕಟ್ಟೆ ಹತ್ತಲಿಲ್ಲ, ಕೆಳಗೇ ನಿಂತರು. ಅಲ್ಲಿಯವರೆಗೆ ಊರಿನ ಗಂಡಸರೊಂದಿಗೆ ಉರ್ದು ಬೆರೆಸಿ ಆಡುತ್ತಿದ್ದವರು ಅಂದು ಒಂದೂ ಉರ್ದು ಶಬ್ದ ಬಳಸಲಿಲ್ಲ.

"ನನ್ನ ಮಗ ಎಲ್ಲಿ ಅದಾನ ಅಂತ ನನಗ ತಿಳೀತು" ಎಂದರು. "ಯಾರು ಮಾಡಿದ್ರು ಅಂತ ನಾ ಕೇಳಿಲ್ಲ. ಕೇಳಾಂಗಿಲ್ಲ. ಮಾಳವ್ವ ಯಾರ ಹೆಸರೂ ಹೇಳಿಲ್ಲ. ಆಕಿ ಮನಿ ಕಡಿ ಯಾರೂ ಹೋಗಬ್ಯಾಡ್ರಿ."

ಹಿರಿಯ ಗೌಡರು ತಲೆ ಬಗ್ಗಿಸಿದರು. ನಾನು ಒಂದೊಂದೇ ಮುಖ ನೋಡಿದೆ. ಎಲ್ಲ ಮುಖಗಳೂ ಒಂದೇ ತರಹ ಇದ್ದವು. ನಾವು ತಿರುಗಿ ಬರುವಾಗ ಮಾಸ್ತರರು ನನ್ನ ಹೆಗಲು ಹಿಡಿದುಕೊಂಡರು. ಮಾಳವ್ವನ ಮನೆಗೆ ಆಮೇಲೆ ಏನೂ ತೊಂದರೆ ಆಗಲಿಲ್ಲ. ಬಾವಿಯ ಬಳಿ ಮಾತ್ರ ನಾನಿರುವವರೆಗೂ ಯಾರೂ ಅವಳನ್ನು ಮಾತಾಡಿಸಲಿಲ್ಲ.

ಶಾಲೆಯಲ್ಲಿ ಮಾಸ್ತರರು ಬೆತ್ತ ಮುಟ್ಟುವುದು ಬಿಟ್ಟರು. ಬೆತ್ತ ಗೋಡೆಯ ಮೊಳೆಗೆ ತೂಗುತ್ತಿತ್ತು, ಮಕ್ಕಳ ಗಲಾಟೆ ಮೇರೆ ಮೀರಿತ್ತು. ಒಂದು ದಿನ ನಾನು, ಸ್ವಲ್ಪ ಹೆದರಿಕೆ ಇರಲಿ ಎಂದೆ. ಅವರು ಬಾಗಿಲ ಕಡೆ ನೋಡಿ, ಯಾವ ಹುಡುಗ ಯಾರ ಮಗನೋ ನನಗೆ ಗೊತ್ತಿಲ್ಲ, ಒಂದು ಏಟಿಗೆ ಎತ್ತಿದ ಕೈ ಒಂದಕ್ಕೇ ನಿಲ್ಲುತ್ತದೆಂದು ಹೇಳಲಾರೆ ಎಂದರು. ಮತ್ತೆ ನಾನು ಆ ಮಾತು ಎತ್ತಲಿಲ್ಲ.

ಇನ್ನು ಔರಂಗಾಬಾದಿಗೆ ಹೋಗುತ್ತಾರೆ ಎಂದು ಎಲ್ಲರೂ ತಿಳಿದಿದ್ದೆವು. ಕಾಯುವುದಕ್ಕೆ ಏನು ಉಳಿದಿತ್ತು? ಆದರೆ ಜುಲೇಖಾ ಬೀ ಈಗ ಮೊದಲಿಗಿಂತ ಗಟ್ಟಿಯಾಗಿ ಒಲ್ಲೆ ಎಂದಳಂತೆ. ಬರುವವನಾಗಿದ್ದರೆ ನಾವು ಎಲ್ಲಿದ್ದರೂ ಹುಡುಕಿಕೊಂಡು ಬರುತ್ತಿದ್ದ, ಹಳ್ಳದಲ್ಲಿ ಇರುವವನನ್ನು ಬಿಟ್ಟು ಹೇಗೆ ಹೋಗಲಿ ಎಂದಳಂತೆ. ಹೀಗಾಗಿ ಪರೀಕ್ಷೆ ಪಾಸಾಗುವುದು ಉಳಿದೇ ಇತ್ತು. ಮಾಸ್ತರರು ಪಾಠಕ್ಕೆ ಬಂದರು. ಮುಳ್ಳಿನ ಹಾಗೆ ಚುಚ್ಚುತ್ತಿದ್ದ ಆ ಒಬ್ಬ, ಇಬ್ಬರು, ಮೂವರಲ್ಲಿ ಅವರು ಮತ್ತೆಂದೂ ತಪ್ಪು ಮಾಡಲಿಲ್ಲ.

ಪರೀಕ್ಷೆಗೆ ನಾನೂ ಜೊತೆಗೆ ಹೋಗಿದ್ದೆ. ಬಿಸಿಲಿಗೆ ಶಹಾಪುರದ ಗುಡ್ಡದ ಬಂಡೆಗಳು ಕಾದಿದ್ದವು. ಪರೀಕ್ಷಕರು ನಮ್ಮ ಕಡೆಯ ಒಬ್ಬ ತರುಣ, ಸಭ್ಯ ಮನುಷ್ಯ. ಎಲ್ಲರಿಗೂ ಒಂದೇ ತರಹದ ಪ್ರಶ್ನೆ. ನಾನು ಕಿಟಕಿಯ ಹೊರಗೆ ನಿಂತಿದ್ದೆ. ಓದು ಆಯಿತು, ಬರಹ ಆಯಿತು. ಮಗ್ಗಿ ಕೇಳಿದರು, ಮಾಸ್ತರರು ತಡವರಿಸದೆ ಹೇಳಿದರು. ಒಂಬೈನೂರ ತೊಂಬತ್ತೊಂಬತ್ತು ಬರೆಯಿಸಿ ಓದಿಸಿದರು. ಕೊನೆಗೆ ಮಾತಿನ ಪರೀಕ್ಷೆ. ನಿಮಗೆ ಮಕ್ಕಳೆಷ್ಟು ಎಂದು ಕೇಳಿದರು.

"ಇಬ್ಬರು" ಎಂದರು ಮಾಸ್ತರರು. "ಒಬ್ಬ ಮಗ, ಒಬ್ಬಳು ಮಗಳು."

ಪರೀಕ್ಷಕರಿಗೆ ಸಂತೋಷವಾಯಿತು. ಮಗ ಏನು ಮಾಡುತ್ತಾನೆ ಎಂದು ಕೇಳಿದರು.

ಮಾಸ್ತರರು ಸುಮ್ಮನಿದ್ದರು. ಪ್ರಶ್ನೆ ಅರ್ಥವಾಗಲಿಲ್ಲ ಎಂದು ತಿಳಿದ ಆ ತರುಣ ಅದನ್ನೇ ನಿಧಾನವಾಗಿ, ಬಿಡಿಸಿ ಬಿಡಿಸಿ, ಕೈಸನ್ನೆ ಮಾಡಿ ಮತ್ತೊಮ್ಮೆ ಕೇಳಿದರು. ನಿಮ್ಮ ಮಗ, ಏನು, ಮಾಡುತ್ತಾನೆ? ನನಗೆ ಒಳಗೆ ನುಗ್ಗಿ ಹೇಳಿಬಿಡಬೇಕೆನಿಸಿತು. ಮಾಸ್ತರರು ಕಿಟಕಿಯ ಕಡೆ ಒಮ್ಮೆ ನೋಡಿ, ಬೇಡ ಎಂದು ಕಣ್ಣಿನಲ್ಲೇ ಹೇಳಿದರು.

"ತಿಳಿಯಲಿಲ್ಲ, ಸಾಹೇಬರೇ" ಎಂದರು.

ಮಾತಿನಲ್ಲಿ ಅಂಕ ಕಡಿಮೆ ಬಿದ್ದರೂ ಅವರು ಪಾಸಾದರು. ಲೆಕ್ಕವೇ ಅವರನ್ನು ದಾಟಿಸಿತ್ತು. ನೌಕರಿ ಉಳಿಯಿತು.

ಜೂನಿನ ಮಿರಗದ ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಹಿಡಿಯಿತು. ನನಗೆ ನಮ್ಮ ಜಿಲ್ಲೆಯಲ್ಲೇ ನೌಕರಿಯ ಆದೇಶ ಬಂದಿತ್ತು. ಮಾಸ್ತರರು ಶಾಲೆಯ ಬಾಗಿಲವರೆಗೆ ಬಂದು ನನ್ನ ಕೈ ಹಿಡಿದರು, ಒಳಗೆ ಮಕ್ಕಳು ಕಾಯುತ್ತಿವೆ ಎಂದು ಬೇಗ ತಿರುಗಿದರು. ಮಾಳವ್ವನಿಗೆ ಹೇಳಿ ಹೋಗೋಣವೆಂದರೆ ಅವಳು ಮನೆಯಲ್ಲಿ ಇರಲಿಲ್ಲ. ಸಾಬಣ್ಣ ಟ್ರಂಕನ್ನು ಬಂಡಿಗೆ ಏರಿಸಿದ.

ಎರಡು ದಿನ ಜಡಿದ ಮಳೆ ಆಗಷ್ಟೇ ನಿಂತಿತ್ತು. ಶಹಾಪುರದ ದಾರಿಯ ಆ ಹಳ್ಳ ಕೆಂಪಗೆ ಹರಿಯುತ್ತಿತ್ತು. ದಂಡೆಯ ಮೇಲೆ ಆ ಮೂವರ ಗುಂಡಿ ಕುಸಿದು ತಗ್ಗಾಗಿತ್ತು, ಅದರಲ್ಲಿ ನೀರು ನಿಂತಿತ್ತು. ಮಾಳವ್ವ ಗುದ್ದಲಿಯಿಂದ ಎರೆಮಣ್ಣು ಅಗೆದು ಬುಟ್ಟಿಗೆ ತುಂಬುತ್ತಿದ್ದಳು. ಜುಲೇಖಾ ಬೀ ಬುರ್ಖಾವನ್ನು ಸೊಂಟಕ್ಕೆ ಕಟ್ಟಿ, ಬುಟ್ಟಿ ಹೊತ್ತು ತಂದು ಸುರಿಯುತ್ತಿದ್ದಳು, ಸುರಿದದ್ದನ್ನು ಕಾಲಿನಿಂದ ತುಳಿಯದೆ, ಮೊಣಕಾಲೂರಿ ಎರಡೂ ಅಂಗೈಯಿಂದ ಒತ್ತುತ್ತಿದ್ದಳು. ಬಂಡಿಯ ಸದ್ದಿಗೆ ಇಬ್ಬರೂ ತಲೆ ಎತ್ತಲಿಲ್ಲ. ಬಂಡಿಯವನು ನಿಲ್ಲಿಸಲೇ ಎಂದು ಕೇಳಿದ. ಬೇಡ, ನಡೆ ಎಂದೆ. ಎತ್ತುಗಳು ಹಳ್ಳದ ನೀರಿಗೆ ಇಳಿದವು.